ಎಡಬಲದ ಮೇಸ್ತ್ರಿ

ಬಸ್ಸು ತುಂಗಭದ್ರೆಯ ಸೇತುವೆ ಮೇಲೆ ಬಂದ ಕೂಡಲೇ ಮೇಸ್ತ್ರಿ ಮಾತು ನಿಲ್ಲಿಸುತ್ತಿದ್ದರು. ಅರ್ಧ ಮಾತಿನಲ್ಲಿದ್ದರೂ ಸರಿ, ಟಿಕೆಟ್ ಕೇಳುತ್ತ ಕಂಡಕ್ಟರ್ ತಲೆಯ ಮೇಲೆ ನಿಂತಿದ್ದರೂ ಸರಿ. ಕಿಟಕಿಯ ಸರಳಿಗೆ ತಲೆ ಆನಿಸಿ, ಕಣ್ಣು ಮುಚ್ಚಿ, ಗಾಲಿಯ ಸದ್ದು ಕೇಳುತ್ತಿದ್ದರು. ಸೇತುವೆಯ ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಕಡೆ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದರ ಮೇಲೆ ಗಾಲಿ ಹಾದಾಗ ಟಕ್ ಎನ್ನುತ್ತದೆ. ನಮಗೆಲ್ಲ ಆ ಟಕ್ಕುಗಳೆಲ್ಲ ಒಂದೇ. ಅವರಿಗೆ ಹಾಗಲ್ಲ. ಆಚೆ ದಡ ಮುಟ್ಟಿದ ಮೇಲೆ ಕಣ್ಣು ಬಿಟ್ಟು, "ಮೂರನೇದು ಸಡ್ಲಾಗೈತೆ. ಯಾರಿಗಾದ್ರೂ ಹೇಳ್ಬೇಕು" ಎನ್ನುತ್ತಿದ್ದರು. ಯಾರಿಗೆ ಹೇಳಬೇಕೆಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ರಾಣೆಬೆನ್ನೂರಿನಲ್ಲಿ ಕೆಲಸ ಮುಗಿಸಿ ಸಂಜೆ ವಾಪಸು ಬರುವಾಗ ಮತ್ತೆ ಅದೇ ಕಣ್ಣು ಮುಚ್ಚುವುದು, ಮತ್ತೆ ಅದೇ ಚಿಂತೆ.

ಹೋದ ತಿಂಗಳು ನಮ್ಮ ವರ್ಕ್‌ಶಾಪಿನ ಹಳಬರ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. 'ನಮ್ಮ ಎಡಬಲದ ಮೇಸ್ತ್ರಿ ಲಿಂಗೈಕ್ಯರಾದರು.' ಕೈ ಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ನಡುವೆ ಒಬ್ಬ ನಗುವ ಮುಖ ಹಾಕಿ, ತಕ್ಷಣ ಅಳಿಸಿದ. ಆ ಅಡ್ಡಹೆಸರು ಓದಿದರೆ ಯಾರಿಗಾದರೂ ನಗು ಬರುತ್ತದೆ, ಅವನದೇನೂ ತಪ್ಪಿಲ್ಲ. ನಾನು ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಹರಿಹರದ ಬಸ್ಸಿಗೆ ಕಾಯುತ್ತಿದ್ದೆ. ಹದಿನೈದು ವರ್ಷದಿಂದ ದಿನವೂ ಅದೇ ಬಸ್ಸಿಗೆ, ಅದೇ ಕಂಬದ ಹತ್ತಿರ ಕಾಯುತ್ತಿದ್ದೇನೆ. ನಾನೂ ಒಂದು ಕೈ ಮುಗಿದ ಚಿತ್ರ ಒತ್ತಿದೆ. ಅಷ್ಟಕ್ಕೇ ಸುಸ್ತಾದಂತಾಗಿ ಚೀಲದ ಮೇಲೆ ಕೂತುಬಿಟ್ಟೆ.

ಯಾಕೆಂದರೆ ಆ ಅಡ್ಡಹೆಸರು ಅವರಿಗೆ ಅಂಟಿದ್ದು ನನ್ನ ದೆಸೆಯಿಂದ. ಗುಂಪಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುವ ಮುಖ ನನಗಿಲ್ಲ. ಬದುಕಿದ್ದಾಗ ಮೇಸ್ತ್ರಿ ಎಂದೇ ಕರೆಯುತ್ತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ.

ಗುತ್ತೂರಿನ ಪಕ್ಕ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ವರ್ಕ್‌ಶಾಪ್. ತಗಡಿನ ಮಾಡು, ಎರಡು ಕ್ರೇನು, ಎಪ್ಪತ್ತು ಎಂಬತ್ತು ಜನ. ಸೇತುವೆಗಳಿಗೂ ಕಾರ್ಖಾನೆಗಳಿಗೂ ಬೇಕಾದ ಕಬ್ಬಿಣದ ಸಾಮಾನು ಮಾಡಿ ಕಳಿಸುತ್ತೇವೆ. ನಾನು ಡಿಪ್ಲೊಮಾ ಮುಗಿಸಿ ಮಾಲು ತಪಾಸಣೆಯ ವಿಭಾಗಕ್ಕೆ ಸೇರಿದಾಗ ಮೇಸ್ತ್ರಿಗೆ ಐವತ್ತೈದರ ಆಸುಪಾಸು. ಹಣೆಗೆ ವಿಭೂತಿ, ಬಲಗಿವಿಯ ಮೇಲೆ ಸೀಮೆಸುಣ್ಣ. ಅಳತೆಗಳನ್ನು ಕಾಗದದ ಮೇಲೆ ಬರೆಯುತ್ತಿರಲಿಲ್ಲ, ಎಡ ಮುಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ಸಂಜೆ ಕೈ ತೊಳೆಯುವಾಗ ನಲ್ಲಿಯ ಕೆಳಗೆ ಇಡೀ ದಿನದ ಲೆಕ್ಕ ಬೆಳ್ಳಗೆ ಹರಿದುಹೋಗುತ್ತಿತ್ತು. ಹೊಸ ತಗಡು ಬಂದರೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, "ಒಳಗೆ ಪೊಳ್ಳೈತೆ" ಅಥವಾ "ಒಳ್ಳೇ ಮನಿ ಹುಡುಗಿ" ಎನ್ನುತ್ತಿದ್ದರು. ಟೀಯನ್ನು ಬಸಿಗೆ ಸುರಿದೇ ಕುಡಿಯಬೇಕು. ಯಾರಾದರೂ "ಸರಿ ಐತೆ ಮೇಸ್ತ್ರಿ, ದೇವರಾಣೆ" ಎಂದರೆ ಸಿಟ್ಟು ಬರುತ್ತಿತ್ತು.

"ಆಣಿ ಗೀಣಿ ಬ್ಯಾಡ. ಎಷ್ಟೈತೆ ಹೇಳು."

ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಏ ದಾವಣಗೆರೆ, ಬಾ ಇಲ್ಲಿ. ದೋಸಿಗೆ ಎಷ್ಟು ಬೆಣ್ಣಿ ಹಾಕ್ಬೇಕು ಅಂತ ಗೊತ್ತು ನಿನಗ. ಡ್ರಿಲ್ಲಿಗೆ ಎಷ್ಟು ಎಣ್ಣಿ ಬಿಡ್ಬೇಕು ಗೊತ್ತಾ?" ಹೀಗೆ ಶುರುವಾದರೆ ಅರ್ಧ ಗಂಟೆ ಪಾಠ. ನಮ್ಮದು ದಾವಣಗೆರೆಯಲ್ಲಿ ಜವಳಿ ಅಂಗಡಿಯ ಮನೆತನ. ಕಬ್ಬಿಣ ಎಂದರೆ ನಮ್ಮ ಮನೆಯಲ್ಲಿ ಗಜಕಡ್ಡಿ, ಕತ್ತರಿ, ಅಷ್ಟೇ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದ ನನಗೆ ಕೆಲಸ ಕಲಿಸಿದ್ದು ಡಿಪ್ಲೊಮಾ ಅಲ್ಲ, ಇವರು.

ಒಂದು ದಿನ ಮ್ಯಾನೇಜರು ಎಲ್ಲರನ್ನೂ ಸೇರಿಸಿ ಹೊಸ ಆರ್ಡರಿನ ಸುದ್ದಿ ಹೇಳಿದರು. ದೇಶದ ಆ ತುದಿಯಲ್ಲಿ ಒಂದು ನದಿ. ಅದರ ಹೆಸರು ನಮ್ಮಲ್ಲಿ ಯಾರ ನಾಲಿಗೆಗೂ ಸರಿಯಾಗಿ ಹೊರಳಲಿಲ್ಲ. ಈ ದಡ ನಮ್ಮ ದೇಶ, ಆ ದಡ ನೆರೆಯ ದೇಶ. ನಡುವೆ ಸೇತುವೆ ಕಟ್ಟುತ್ತಿದ್ದಾರೆ. ನಮ್ಮ ಅರ್ಧ ನಾವು, ಅವರ ಅರ್ಧ ಅವರು. ಎರಡೂ ನದಿಯ ನಡುವೆ ಬಂದು ಸೇರುವ ಜಾಗಕ್ಕೆ ಬೇಕಾದ ಹಲ್ಲಿನ ಪಟ್ಟಿಗಳನ್ನು ನಾವು ಮಾಡಿಕೊಡಬೇಕು.

ಹಲ್ಲಿನ ಪಟ್ಟಿ ಎಂದರೆ ಎರಡು ದೊಡ್ಡ ಕಬ್ಬಿಣದ ಬಾಚಣಿಗೆಗಳಿದ್ದಂತೆ. ಒಂದರ ಹಲ್ಲು ಇನ್ನೊಂದರ ಸಂದಿನಲ್ಲಿ ಕೂರುತ್ತದೆ. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಈ ಹಲ್ಲುಗಳು ಆಗ ಹಿಂದೆ ಮುಂದೆ ಸರಿದಾಡುತ್ತವೆ. ಮೇಸ್ತ್ರಿ ಅದನ್ನು ಹೊಸಬರಿಗೆ ಎರಡೂ ಕೈಯ ಬೆರಳುಗಳನ್ನು ಒಂದರೊಳಗೊಂದು ಸೇರಿಸಿ ತೋರಿಸುತ್ತಿದ್ದರು. "ನೋಡು, ಬಿಗಿ ಹಿಡೀಬಾರ್ದು, ಬಿಡಾನೂ ಬಾರ್ದು. ಗಂಡ ಹೆಂಡ್ತಿ ಇದ್ದಂಗ ಇರ್ಬೇಕು."

ಆ ಆರ್ಡರು ಬಂದಾಗಿನಿಂದ ಅವರ ಉಮೇದು ಬೇರೆಯಾಯಿತು. ಅದಕ್ಕೊಂದು ಕಾರಣವೂ ಇತ್ತು. ಅವರಜ್ಜಿ ಹೊಳೆಯಾಚೆಯಿಂದ ಮದುವೆಯಾಗಿ ಹರಿಹರಕ್ಕೆ ಬಂದವಳು. ಆಗ ಹೊಳೆಯ ಈ ದಡ ಮೈಸೂರಿನ ಮಹಾರಾಜರದು, ಆ ದಡ ಮುಂಬೈ ಪ್ರಾಂತ್ಯದ ಇಂಗ್ಲಿಷರದು. ಸೇತುವೆ ದಾಟುವಾಗ ಸುಂಕದ ನಾಕೆಯವರು ತನ್ನ ತವರಿನ ಗಂಟನ್ನು ಬಿಚ್ಚಿಸಿ, ಹೊಸ ಸೀರೆಗಳನ್ನು ಕೆದರಿ ನೋಡಿದರೆಂದು ಆಕೆ ಸಾಯುವ ತನಕ ಬೈಯುತ್ತಿದ್ದಳಂತೆ. "ಈಗ ನಂ ಕೈಲಿ ಮಾಡಿದ್ದು ಎರಡು ದೇಶ ಕೂಡಿಸ್ತೈತಿ. ಅಜ್ಜಿ ಇರ್ಬೇಕಿತ್ತು ನೋಡೋಕೆ" ಎಂದು ಮೇಸ್ತ್ರಿ ಆಗಾಗ ಹೇಳುತ್ತಿದ್ದರು. ಮ್ಯಾನೇಜರನ್ನೂ ಬಿಡದೆ, "ಈ ಕಬ್ಬಿಣಕ್ಕೆ ಪಾಸ್‌ಪೋರ್ಟ್ ಮಾಡ್ಸೀರೇನ್ರಿ?" ಎಂದು ಕೇಳಿದ್ದರು.

ಕೆಲಸ ಆರು ತಿಂಗಳು ನಡೆಯಿತು. ಎರಡು ಅರ್ಧಗಳೂ ನೋಡಲು ಒಂದೇ ತರಹ. ವ್ಯತ್ಯಾಸ ಇದ್ದದ್ದು ಬೋಲ್ಟಿನ ತೂತುಗಳಲ್ಲಿ ಮಾತ್ರ. ನಮ್ಮ ಕಡೆಯ ಎಂಜಿನಿಯರುಗಳು ಕಾಂಕ್ರೀಟಿನಲ್ಲಿ ಬೋಲ್ಟು ಹೂತಿದ್ದ ಅಂತರ ಬೇರೆ, ಆ ಕಡೆಯವರದು ಬೇರೆ. ಒಂದು ಬೆರಳಿನಷ್ಟು ಹೆಚ್ಚು ಕಡಿಮೆ. ಕಣ್ಣಿಗೆ ತಿಳಿಯುವುದಿಲ್ಲ, ಟೇಪು ಹಿಡಿಯಬೇಕು. ಅದಲು ಬದಲಾಗಬಾರದೆಂದು ಪ್ರತಿ ತುಂಡಿನ ಅಂಚಿಗೂ ಗುರುತು ಹೊಡೆಯುತ್ತಾರೆ.

ನಮ್ಮ ವರ್ಕ್‌ಶಾಪಿನಲ್ಲಿ ಜೋಡಿ ಸಾಮಾನು ಯಾವುದೇ ಇರಲಿ, ಗುರುತು ಒಂದೇ. ಬಲಗಡೆಯದಕ್ಕೆ 'ಹರ', ಎಡಗಡೆಯದಕ್ಕೆ 'ಹರಿ'. ಮೇಸ್ತ್ರಿಗೂ ಮುಂಚಿನಿಂದ ನಡೆದುಬಂದ ರೂಢಿ. ಊರಿನ ದೇವರೇ ಅರ್ಧ ಶಿವ, ಅರ್ಧ ವಿಷ್ಣು. ಬಲಭಾಗ ಹರನದು, ಎಡಭಾಗ ಹರಿಯದು. ಹರಿಹರದ ಕೆಲಸಗಾರನಿಗೆ ಇದನ್ನು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ಆ ಸೇತುವೆಯಲ್ಲಿ ಬಲದಂಡೆ ನಮ್ಮ ದೇಶದ್ದು, ಹಾಗಾಗಿ ನಮ್ಮ ಕಡೆಯ ತುಂಡುಗಳಿಗೆಲ್ಲ ಹರ, ಆ ಕಡೆಯವಕ್ಕೆಲ್ಲ ಹರಿ. ಮೇಸ್ತ್ರಿಯೇ ಕೂತು, ಸಣ್ಣ ಉಳಿಯಿಂದ ಒಂದೊಂದೇ ಅಕ್ಷರ ಹೊಡೆದರು.

ಮಾಲು ಸಿದ್ಧವಾಗಿ, ಒಂದರ ಮೇಲೊಂದು ಪೇರಿಸಿ, ಕಟ್ಟು ಬಿಗಿದು ಲಾರಿಗೆ ಕಾಯುತ್ತಿದ್ದಾಗ ಹೊರಗಿನಿಂದ ಒಬ್ಬರು ತಪಾಸಣೆಗೆ ಬಂದರು. ಎಲ್ಲ ಮೆಚ್ಚಿಕೊಂಡರು. ಗುರುತು ಮಾತ್ರ ಒಪ್ಪಲಿಲ್ಲ. ಅಲ್ಲಿ ಕನ್ನಡ ಓದುವವರು ಯಾರಿದ್ದಾರೆ, ಇಂಗ್ಲಿಷಿನಲ್ಲಿ ಎಡದಂಡೆಗೆ ಎಲ್, ಬಲದಂಡೆಗೆ ಆರ್ ಎಂದು ಹೊಡೆದು ಕಳಿಸಿ ಎಂದು ಬರೆದಿಟ್ಟು ಹೋದರು. ಅವರ ಮಾತು ನ್ಯಾಯವಾಗಿಯೇ ಇತ್ತು.

ಮಾರನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಮೆಷಿನ್ನುಗಳಿಗೆ ಪೂಜೆ ಮಾಡಿ ಅರ್ಧ ದಿನಕ್ಕೇ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಮೇಸ್ತ್ರಿ ಬೆಳಿಗ್ಗೆಯೇ ರಜೆ ಹಾಕಿ ತಂಗಿಯನ್ನು ಕರೆದುಕೊಂಡು ಉಕ್ಕಡಗಾತ್ರಿಗೆ ಹೋಗಿದ್ದರು. ಅಲ್ಲಿನ ಅಜ್ಜಯ್ಯನ ಗದ್ದುಗೆಯ ಸನ್ನಿಧಿಯಲ್ಲಿ ಆ ದಿನ ಕಾಲಿಡಲು ಜಾಗ ಇರುವುದಿಲ್ಲ. ಎರಡು ಸಲ ಫೋನು ಮಾಡಿದೆ, ಸಿಗಲಿಲ್ಲ. ಲಾರಿ ಮಾರನೆಯ ಬೆಳಿಗ್ಗೆ ಹೊರಡಬೇಕಿತ್ತು. ಯಾವ ಹಳೆಯ ಗುರುತಿಗೆ ಯಾವ ಹೊಸ ಗುರುತು ಎಂಬ ಪಟ್ಟಿ ಬರೆಯಬೇಕಾದವನು ನಾನು.

ಹರ ಯಾವ ಕಡೆ? ಯಾರನ್ನಾದರೂ ಕೇಳಬಹುದಿತ್ತು. ಪೂಜೆ ಮುಗಿಸಿ ಮಂಡಕ್ಕಿ ತಿನ್ನುತ್ತಿದ್ದವರು ಐದಾರು ಜನರಾದರೂ ಇದ್ದರು. ಆದರೆ ದಾವಣಗೆರೆಯ ಇಸ್ತ್ರಿ ಅಂಗಿಯವನಿಗೆ ದೇವರೂ ಗೊತ್ತಿಲ್ಲ ಎಂದು ನಗುತ್ತಾರೆ ಅನ್ನಿಸಿತು. ಕಟ್ಟು ಬಿಚ್ಚಿ ತೂತಿನ ಅಂತರ ಅಳೆಯಬಹುದಿತ್ತು. ಮತ್ತೆ ಪೇರಿಸಲು ಕ್ರೇನಿನವನು ಇರಲಿಲ್ಲ. ಹಾಗಾಗಿ ಗೇಟಿನವನ ಬೈಕು ಇಸಿದುಕೊಂಡು ನೇರ ಊರ ದೇವರ ಗುಡಿಗೆ ಹೋದೆ. ಸಾಲಿನಲ್ಲಿ ನಿಂತು, ದೇವರ ಎದುರಿಗೆ ಬಂದು, ಕಣ್ಣಾರೆ ನೋಡಿದೆ. ಜಡೆ, ತ್ರಿಶೂಲ ನನ್ನ ಎಡಕ್ಕೆ. ಕಿರೀಟ, ಚಕ್ರ ನನ್ನ ಬಲಕ್ಕೆ. ಗುಡಿಯ ಮೆಟ್ಟಿಲ ಮೇಲೇ ಕೂತು ಬರೆದುಕೊಂಡೆ: ಹರ ಎಂದರೆ ಎಡ, ಹರಿ ಎಂದರೆ ಬಲ. ಮಧ್ಯಾಹ್ನ ವಾಪಸು ಬಂದು ಗ್ರೈಂಡರ್ ಹಿಡಿದು ಕನ್ನಡದ ಅಕ್ಷರಗಳನ್ನೆಲ್ಲ ಉಜ್ಜಿ ತೆಗೆದು ಇಂಗ್ಲಿಷಿನವನ್ನು ಹೊಡೆದೆ. ಇಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ಬರುವ ಹೊತ್ತಿಗೆ ಲಾರಿಯ ಎಂಜಿನ್ನು ಶುರುವಾಗಿತ್ತು. ಕಾಗದದ ಮೇಲೆ ಅವರ ಸಹಿ ಬೇಕು.

"ಹರ ಯಾವ್ದು, ಹರಿ ಯಾವ್ದು, ನೋಡಿ ಹಾಕಿಯಲ್ಲ?"

"ಗುಡಿಗೇ ಹೋಗಿ ಕಣ್ಣಾರೆ ನೋಡಿ ಬಂದೆ ಮೇಸ್ತ್ರಿ."

ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. "ಭಲೆ ದಾವಣಗೆರೆ! ಹಿಂಗಿರ್ಬೇಕು ನೋಡ್ರಪ್ಪಾ ಕೆಲ್ಸ ಅಂದ್ರೆ!" ಎಂದು ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿ, ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದರು. ಟೇಪು ಅವರ ಜೇಬಿನಲ್ಲೇ ಇತ್ತು.

ನಾಲ್ಕು ತಿಂಗಳ ಮೇಲೆ ಫೋಟೊ ಬಂತು. ಸೇತುವೆ ಪೂರ್ತಿ ಮುಗಿದಿದೆ, ನಟ್ಟನಡುವೆ ಮಾತ್ರ ಮೊಳದಷ್ಟು ಅಗಲದ ಸಂದು. ಸಂದಿನ ಈಚೆ ನಮ್ಮ ಸಿಪಾಯಿ, ಆಚೆ ಅವರ ಸಿಪಾಯಿ. ಇಬ್ಬರ ಪಕ್ಕದಲ್ಲೂ ನಮ್ಮ ಹಲ್ಲಿನ ಪಟ್ಟಿಗಳು ಕಟ್ಟಿಟ್ಟಂತೆಯೇ ಬಿದ್ದಿವೆ. ಬೋಲ್ಟಿಗೆ ತೂತು ಕೂಡುತ್ತಿಲ್ಲ ಎಂದು ಕೆಳಗೆ ಬರೆದಿತ್ತು. ನಮ್ಮ ದಡದ್ದು ಆ ದಡಕ್ಕೆ ಹೋಗಿದೆ, ಆ ದಡದ್ದು ನಮ್ಮ ದಡದಲ್ಲಿದೆ. ಬೇರೆ ಯಾವುದೇ ಸೇತುವೆಯಾಗಿದ್ದರೆ ಕ್ರೇನಿಗೆ ಅರ್ಧ ದಿನದ ಕೆಲಸ. ಇಲ್ಲಿ ಹಾಗಲ್ಲ. ಆ ದಡಕ್ಕೆ ಹೋದದ್ದು ಬೇರೆ ದಾರಿಯಲ್ಲಿ, ಸುಂಕದವರ ಮೊಹರು ಹಾಕಿಸಿಕೊಂಡು ಹೋದ ಪರದೇಶದ ಮಾಲು. ಅದು ಮೊಳದಷ್ಟು ದೂರ ವಾಪಸು ದಾಟಬೇಕೆಂದರೂ ಎರಡು ರಾಜಧಾನಿಗಳ ಕಾಗದ ಬೇಕು. ಕಾಗದ ಬರುವ ತನಕ ಸೇತುವೆಯ ಮೇಲೆ ಒಂದು ಗಾಡಿ ಓಡುವಂತಿಲ್ಲ.

ಮ್ಯಾನೇಜರ್ ಕೋಣೆಗೆ ಇಬ್ಬರಿಗೂ ಕರೆ ಬಂತು. ಹೋಗುವ ದಾರಿಯಲ್ಲಿ, ನೀರಿನ ಡ್ರಮ್ಮಿನ ಹತ್ತಿರ ಮೇಸ್ತ್ರಿ ನಿಂತರು.

"ಗುಡಿಯಾಗೆ ಎಲ್ಲಿ ನಿಂತು ನೋಡಿದಿ?"

"ಎದುರಿಗೇ ಮೇಸ್ತ್ರಿ."

ಅವರು ನನ್ನ ಎದುರಿಗೆ ಬಂದು ನಿಂತು ತಮ್ಮ ಬಲಗೈ ಎತ್ತಿದರು. ಅದು ನನ್ನ ಎಡಕ್ಕಿತ್ತು. "ದೇವ್ರ ಬಲಗೈ ಇದು, ತಮ್ಮಾ. ಎದುರಿಗೆ ನಿಂತೋನಿಗೆ ತಿರುಗಾಮುರುಗ" ಎಂದರು. ನನ್ನ ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು. ಅಪ್ಪ ಅಂಗಡಿ ಮುಚ್ಚಿ ಮನೆ ಹಿಡಿದಿದ್ದರು. ಹೆಣ್ಣು ನೋಡಿ ಬಂದು ವಾರವಾಗಿತ್ತು.

ಒಳಗೆ ಮ್ಯಾನೇಜರ್ ಮೇಜಿನ ಮೇಲೆ ನನ್ನ ಕೈಬರಹದ ಪಟ್ಟಿ ಇತ್ತು. ಅವರು ಅದನ್ನು ನನ್ನ ಕಡೆ ತಿರುಗಿಸುವಷ್ಟರಲ್ಲಿ ಮೇಸ್ತ್ರಿ ಎತ್ತಿಕೊಂಡರು.

"ಇದು ನಾನು ಹೇಳಿ ಬರೆಸಿದ್ದು ಸಾರ್. ಫೋನಿನಾಗೆ ಹೇಳಿದೆ. ನನಗೇ ತಲಿ ನಿಂತಿರ್ಲಿಲ್ಲ ಅವತ್ತು. ಸಹಿನೂ ನಂದೇ ಐತಲ್ರಿ."

"ಮೂವತ್ತು ವರ್ಷ ಸರ್ವೀಸು. ಎಡ ಬಲ ಗೊತ್ತಾಗಲ್ವೇನ್ರಿ ನಿಮಗೆ?"

"ತಪ್ಪಾತು ಸಾರ್."

ನಾನು ಬಾಯಿ ತೆರೆಯಬೇಕಿದ್ದ ಜಾಗ ಅದು. ತೆರೆಯಲಿಲ್ಲ. ಹೊರಗೆ ಬಂದ ಮೇಲೆ ಅವರು ಸೀಮೆಸುಣ್ಣವನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಕಿವಿಗೇ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದರು.

ಮುಂದಿನ ವಾರ ಅವರನ್ನು ಟೂಲ್ ಸ್ಟೋರಿಗೆ ಹಾಕಿದರು. ಜಾಲರಿ ಕಿಟಕಿಯ ಹಿಂದೆ ಸ್ಟೂಲಿನ ಮೇಲೆ ಕೂತು, ಕೇಳಿದವರಿಗೆ ಸ್ಪ್ಯಾನರು, ಡ್ರಿಲ್ಲಿನ ಬಿಟ್ಟುಗಳನ್ನು ಕೊಟ್ಟು, ಸಂಜೆ ವಾಪಸು ತೆಗೆದುಕೊಳ್ಳುವ ಕೆಲಸ. ಮ್ಯಾನೇಜರ್ ಆಡಿದ ಮಾತು ಗೋಡೆ ದಾಟಿ ಹೇಗೆ ಹೊರಬಿತ್ತೋ ಗೊತ್ತಿಲ್ಲ. ತಿಂಗಳೊಳಗೆ ಅವರು ಎಡಬಲದ ಮೇಸ್ತ್ರಿ ಆದರು. ಹುಡುಗರು ಕಿಟಕಿಯ ಮುಂದೆ ನಿಂತು, "ಮೇಸ್ತ್ರಿ, ಎಡಗಡೆ ಸ್ಪ್ಯಾನರ್ ಕೊಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು. ಅವರು ನಕ್ಕು, "ತಗಳಪ್ಪಾ, ಇದ್ರಾಗೆ ಎರಡೂ ಕಡಿ ಐತೆ" ಎಂದು ಎರಡು ಬಾಯಿಯ ಸ್ಪ್ಯಾನರ್ ಕೊಡುತ್ತಿದ್ದರು. ನನ್ನ ಎದುರಿಗೆ ಹಾಗೆ ಯಾರಾದರೂ ಅಂದರೆ ನಾನೂ ಸಣ್ಣಗೆ ನಗುತ್ತಿದ್ದೆ. ನಗದಿದ್ದರೆ ಅನುಮಾನ ಬರುತ್ತದಲ್ಲ.

ಹೆಣ್ಣಿನ ಕಡೆಯವರು ನನ್ನ ಬಗ್ಗೆ ವಿಚಾರಿಸಲು ವರ್ಕ್‌ಶಾಪಿಗೆ ಬಂದರು. ಗೇಟಿನವನು ಅವರನ್ನು ಕಳಿಸಿದ್ದು, ಬೇರೆ ಯಾರಿಗೂ ಬಿಡುವಿಲ್ಲ ಎಂದು, ಟೂಲ್ ಸ್ಟೋರಿನ ಕಿಟಕಿಗೆ. "ಹುಡುಗ ಬಂಗಾರ. ಗೊತ್ತಿಲ್ದಿದ್ರೆ ಹೋಗಿ ನೋಡಿ ಬಂದು ಕೆಲ್ಸ ಮಾಡ್ತಾನ" ಎಂದು ಮೇಸ್ತ್ರಿ ಹೇಳಿದರಂತೆ. ಇದನ್ನು ನನ್ನ ಮಾವ ಮದುವೆಯ ಊಟದ ಪಂಕ್ತಿಯಲ್ಲಿ ಮೆಚ್ಚಿಕೊಂಡು ನನಗೆ ಹೇಳಿದರು. ನಾನು ಎಲೆಯ ಮೇಲಿನ ಹೋಳಿಗೆ ನೋಡುತ್ತ ಕೂತೆ.

ಒಂದೇ ಒಂದು ಸಲ ಕೇಳಿದ್ದೆ. ಕಿಟಕಿಯ ಹತ್ತಿರ ಯಾರೂ ಇರಲಿಲ್ಲ.

"ಯಾಕ ಹಂಗೆ ಹೇಳಿದ್ರಿ ಮೇಸ್ತ್ರಿ?"

ಅವರು ಡ್ರಿಲ್ ಬಿಟ್ಟುಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. "ನೀನು ನೋಡಿ ಬರೆದಿ. ನಾನು ನೋಡ್ದೆ ಸಹಿ ಹಾಕಿದೆ. ಯಾರ್ದು ದೊಡ್ಡ ತಪ್ಪು, ನೀನೇ ಹೇಳು. ಹೋಗ್ಲಿ ಬಿಡು, ನಿನಗೆ ಇನ್ನೂ ಬಾಳ ವರ್ಷ ಐತೆ ಇಲ್ಲಿ."

ಆ ಮಾತನ್ನು ನಾನು ಹೊದ್ದುಕೊಂಡು ಮಲಗಿಬಿಟ್ಟೆ. ತಪ್ಪು ಅವರದೇ ದೊಡ್ಡದು ಎಂದು ಅವರೇ ಹೇಳಿದ್ದಾರಲ್ಲ! ಮನುಷ್ಯ ತನಗೆ ಬೇಕಾದ ಮಾತನ್ನು ಎಷ್ಟು ಬೇಗ ನಂಬುತ್ತಾನೆ ಎಂಬುದಕ್ಕೆ ನನ್ನನ್ನೇ ನೋಡಬಹುದು.

ಅವರು ಸುಮ್ಮನೆ ಕೂತಿರಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ, "ನನ್ನ ಅಲ್ಲಿಗೆ ಕಳಿಸ್ರಿ. ಅಲ್ಲೇ ಹೊಸ ತೂತು ಕೊರೆದು ಕೂಡಿಸ್ತೀನಿ. ನಾಕು ದಿನ ಸಾಕು" ಎಂದರು. ಆ ದಡಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟ್ ಬೇಕು ಎಂದು ಮ್ಯಾನೇಜರ್ ಮಾತು ಮುಗಿಸಲೆಂದು ಹೇಳಿದ್ದು. ಇವರು ನಿಜವಾಗಿಯೂ ಹುಬ್ಬಳ್ಳಿಗೆ ಎರಡು ಸಲ ಅಲೆದು ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದರು. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವನಿಗೆ, ನಾಲ್ಕು ದಿನ ತೂತು ಕೊರೆಯಲು ಪರದೇಶಕ್ಕೆ ಹೋಗುತ್ತೇನೆ ಎಂದು ಹೇಳಿ, ಆತ ಮತ್ತೆ ಮತ್ತೆ ಕೇಳುವಂತೆ ಮಾಡಿದ್ದರು. ಪಾಸ್‌ಪೋರ್ಟ್ ಕೈಗೆ ಬಂದ ಹದಿನೈದು ದಿನಕ್ಕೆ ರಾಜಧಾನಿಗಳ ಕಾಗದವೂ ಬಂತು. ಪಟ್ಟಿಗಳು ಅದಲು ಬದಲಾಗಿ ತಮ್ಮ ತಮ್ಮ ದಡ ಸೇರಿದವು. ಮೇಸ್ತ್ರಿ ಹೋಗುವ ಅಗತ್ಯ ಬೀಳಲಿಲ್ಲ. ಎಲ್ಲ ಸೇರಿ ಒಂದು ವರ್ಷದ ಮೇಲಾಗಿತ್ತು.

ಸೇತುವೆ ಉದ್ಘಾಟನೆ ಟೀವಿಯಲ್ಲಿ ಬಂದಾಗ ನಾವು ಕ್ಯಾಂಟೀನಿನಲ್ಲಿದ್ದೆವು. ಮೊದಲ ಲಾರಿ ನಡುಭಾಗ ದಾಟುವಾಗ ಮೇಸ್ತ್ರಿ ಕಣ್ಣು ಮುಚ್ಚಿದರು. ವರದಿ ಹೇಳುವ ಹುಡುಗಿ ಒಂದೇ ಸಮನೆ ಕೂಗುತ್ತಿದ್ದಳು. "ಆಕಿ ಒಂದು ಗಳಿಗಿ ಸುಮ್ನಿದ್ರೆ ಕೇಳ್ತಿತ್ತು" ಎಂದರು. ಪಕ್ಕದಲ್ಲಿದ್ದವನು, "ಮೇಸ್ತ್ರಿ, ಲಾರಿ ಎಡಕ್ಕೆ ಹೊಂಟೈತೋ ಬಲಕ್ಕೋ?" ಎಂದ. ಕ್ಯಾಂಟೀನೇ ನಕ್ಕಿತು.

ನಿವೃತ್ತಿಯ ತನಕ ಅವರನ್ನು ಸ್ಟೋರಿನಿಂದ ಹೊರಗೆ ತರಲಿಲ್ಲ. ಆಮೇಲೂ ಹರಿಹರದ ಪೇಟೆಯಲ್ಲಿ ಆಗಾಗ ಸಿಗುತ್ತಿದ್ದರು. "ದಾವಣಗೆರೆ, ಚಾ ಕುಡಿಯೋಣ ಬಾ" ಎನ್ನುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು, ಎಲ್ಲರ ಮುಂದೆ ನಿಂತು ಒಪ್ಪಿಕೊಳ್ಳುತ್ತೇನೆ ಎನ್ನಬೇಕು ಅಂದುಕೊಳ್ಳುತ್ತಿದ್ದೆ. ಬಸ್ಸಿನ ಹೊತ್ತಾಯಿತು ಎಂದು ಹೊರಟುಬಿಡುತ್ತಿದ್ದೆ. ಅವರು ಬಸಿಯಲ್ಲಿ ಟೀ ಆರಿಸುತ್ತ ಒಬ್ಬರೇ ಉಳಿಯುತ್ತಿದ್ದರು.

ಆ ವಾಟ್ಸಾಪ್ ಸುದ್ದಿ ಓದಿದ ದಿನವೇ ಅವರ ಮಣ್ಣಿಗೆ ಹೋದೆ. ನಮ್ಮ ಪದ್ಧತಿಯಂತೆ ಕೂಡಿಸಿ ಮಣ್ಣು ಮಾಡುವುದು. ಗುಂಡಿಯೊಳಗೆ ಇಳಿಸಿ ಮುಖದ ದಿಕ್ಕು ಸರಿಪಡಿಸುತ್ತಿದ್ದಾಗ, ಅಲ್ಲಲ್ಲ ಈ ಕಡೆ, ಸ್ವಲ್ಪ ಬಲಕ್ಕೆ ಎಂದು ಯಾರೋ ಹೇಳಿದರು. ನನ್ನ ಹಿಂದೆ ನಿಂತಿದ್ದ ಹಳೆಯ ವೆಲ್ಡರ್ ಒಬ್ಬರು ಕಣ್ಣೊರೆಸಿಕೊಳ್ಳುತ್ತಲೇ, "ಅವ್ರಿಗೇನು ತಿಳೀತೈತಿ ಎಡ ಬಲ, ಹೆಂಗಾದ್ರೂ ಕೂಡಿಸ್ರಪ್ಪಾ" ಎಂದರು. ಪ್ರೀತಿಯಿಂದಲೇ ಅಂದದ್ದು. ಅಳುವವರೂ ನಕ್ಕರು. ಅವರ ಮಗಳು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ.

ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಮೇಸ್ತ್ರಿಯ ಹೆಂಡತಿ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ.

"ಬಾ ತಮ್ಮಾ, ಕೂಡು. ಚಾ ಇಡ್ಲಾ?"

"ಬ್ಯಾಡ ಅಕ್ಕಾ. ಒಂದು ಮಾತು ಹೇಳೋಕೆ ಬಂದೆ."

ಅಮಾವಾಸ್ಯೆಯಿಂದ ಹಿಡಿದು ಎಲ್ಲ ಹೇಳಿದೆ. ಗುಡಿ, ಪಟ್ಟಿ, ನೀರಿನ ಡ್ರಮ್ಮು, ಮ್ಯಾನೇಜರ್ ಕೋಣೆ. ನಡುವೆ ಎಲ್ಲೂ ನನ್ನನ್ನು ಉಳಿಸಿಕೊಳ್ಳಲಿಲ್ಲ. ತಪ್ಪು ನನ್ನದು, ಅವರದಲ್ಲ, ಗುಂಪಿನಲ್ಲೂ ಇವತ್ತೇ ಬರೆಯುತ್ತೇನೆ ಎಂದೆ. ಹೇಳುತ್ತ ಹೋದಂತೆ ಎದೆ ಹಗುರಾಗುತ್ತ ಬಂದದ್ದು ನನ್ನ ಅನುಭವಕ್ಕೆ ಬಂತು. ಬೈಯುತ್ತಾರೆ, ಬೈಯಲಿ ಎಂದುಕೊಂಡಿದ್ದೆ. ಅತ್ತರೆ ಕಾಲು ಹಿಡಿಯೋಣ ಎಂದುಕೊಂಡಿದ್ದೆ.

ಅಕ್ಕ ಜೋಳದಲ್ಲಿ ಕೈ ಇಟ್ಟುಕೊಂಡೇ ಕೂತಿದ್ದರು.

"ನಂಗೂ ಹೇಳ್ಲಿಲ್ಲ ನೋಡು ಅವ್ರು."

"ನನ್ನ ಮರ್ಯಾದಿ ಉಳಿಸೋಕೆ ಅಕ್ಕಾ."

"ನಿನ್ನ ಮರ್ಯಾದಿ" ಎಂದು ಅಕ್ಕ ನಿಧಾನವಾಗಿ ಅಂದರು. ಆಮೇಲೆ, ನನ್ನ ಕಡೆ ನೋಡದೆ, ಜೋಳಕ್ಕೇ ಹೇಳುವಂತೆ ಹೇಳಿದರು. "ಮಗಳ ಮದ್ವಿ ಮಾತಿಗೆ ಬೀಗರು ಬಂದಾಗ ಅವ್ರನ್ನ ಮುಂದೆ ಕೂಡಿಸ್ಲಿಲ್ಲ ನಾನು. ನಮ್ಮಣ್ಣನ್ನ ಕರೆಸಿ ಕೂಡಿಸ್ದೆ. ಎರಡು ದೇಶದ ಬ್ರಿಜ್ಜು ಕೆಡ್ಸಿ ಬಂದೋರು, ನೀವು ಸುಮ್ನಿರ್ರಿ, ಇದನ್ನೂ ತಿರುಗಾಮುರುಗ ಮಾಡ್ತೀರಿ ಅಂದೆ. ಎಲ್ರ ಮುಂದೆ ಅಂದೆ. ಅವ್ರು ಎದ್ದು ಹಿತ್ಲಿಗೆ ಹೋಗಿ ಕುಂತ್ರು. ಊಟಕ್ಕೆ ಕರಿಯೋ ತನಕ ಅಲ್ಲೇ ಕುಂತಿದ್ರು."

ನಾನು ಏನೋ ಹೇಳಲು ಬಾಯಿ ತೆರೆದೆ. ಅಕ್ಕ ಕೈಯೆತ್ತಿ ತಡೆದರು.

"ಒಂದಿನ ಅಲ್ಲ ತಮ್ಮಾ ಅದು. ದಿನಾ ಅಂದೀನಿ. ಸಂತಿಗೆ ಕಳಿಸೋವಾಗ ಅಂದೀನಿ, ಔಷಧಿ ತಗಳೋವಾಗ ಅಂದೀನಿ. ಆಸ್ಪತ್ರಿಯಾಗೆ ಕೊನೀ ದಿನ ನರ್ಸು ಯಾವ ಕೈಗೆ ಸೂಜಿ ಚುಚ್ಚಿದ್ರು ನಿನ್ನೆ ಅಂತ ಕೇಳಿದ್ಲು. ಅವ್ರನ್ನ ಕೇಳಬ್ಯಾಡವ್ವಾ, ಅವ್ರಿಗೆ ಎಡ ಬಲ ತಿಳಿಯಲ್ಲ ಅಂದೆ. ಅವ್ರು ನಕ್ರು."

ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದರು. ಗುಂಪಿನಲ್ಲಿ ಬರೆಯುತ್ತೇನೆ ಎಂದು ನಾನು ಮತ್ತೊಮ್ಮೆ ಅಂದೆ.

"ಬರಿ. ಊರಿಗೆಲ್ಲ ಹೇಳು. ಹೇಳಿ ನೀನು ಹಗುರಾಗ್ತಿ" ಎಂದು ಅಕ್ಕ ಮೊದಲ ಸಲ ನನ್ನ ಮುಖ ನೋಡಿದರು. "ಅವ್ರಿದ್ದಾಗ ಬಂದು ಹೇಳಿದ್ರೆ ಅವ್ರ ಕಾಲಿಗೆ ಬೀಳ್ತಿದ್ದೆ ನಾನು. ಈಗ ಯಾರ ಕಾಲಿಗೆ ಬೀಳ್ಲಿ ಹೇಳು?"